ಬದುಕಿದ್ದವನಿಗೆ ಹಚ್ಚಿದ ದೀಪ

ಸಿಪೋರಾ ಹುಟ್ಟಿದ್ದು ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಶಲೋಮ್ ನವಗಾಂವಕರ್ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಕೊಂಕಣದ ಕಡಲಂಚಿನಲ್ಲಿ ತಲೆತಲಾಂತರ ಗಾಣ ತಿರುಗಿಸಿಕೊಂಡಿದ್ದ ಯಹೂದಿ ಜನ ಅವರು. ಇಂಗ್ಲಿಷರ ಕಾಲದಲ್ಲಿ ರೈಲಿನ ನೌಕರಿ ಹಿಡಿದು ಹುಬ್ಬಳ್ಳಿ ತನಕ ಬಂದಿದ್ದರು. ಊರಿನಲ್ಲಿ ಅಂಥ ಮನೆಗಳು ಬೆರಳೆಣಿಕೆಯಷ್ಟು. ಯಹೂದಿ ಎಂದರೇನೆಂದು ಓಣಿಯಲ್ಲಿ ಯಾರಿಗೂ ತಿಳಿಯದು. ಶುಕ್ರವಾರ ಸಂಜೆ ದೀಪ ಹಚ್ಚುವ, ಶನಿವಾರ ಒಲೆ ಹೊತ್ತಿಸದ ಮನೆ ಎಂದಷ್ಟೇ ಗೊತ್ತು. ಪಕ್ಕದ ಮನೆಯ ಶಿವಕ್ಕ ಅವರನ್ನು ‘ಶನಿವಾರದ ಮಂದಿ’ ಎನ್ನುತ್ತಿದ್ದಳು. ಶನಿವಾರ ಬೆಳಿಗ್ಗೆ ತಾನೇ ಬಂದು, “ಇವತ್ತ ನೀವು ಬೆಂಕಿ ಮುಟ್ಟಂಗಿಲ್ಲಲ್ಲ” ಎಂದು ಬಿಸಿ ಚಹಾದ ಪಾತ್ರೆ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು.

ಅರವತ್ತರ ದಶಕದಲ್ಲಿ ನೆಂಟರೆಲ್ಲ ಒಬ್ಬೊಬ್ಬರಾಗಿ ಇಸ್ರೇಲಿಗೆ ಹೊರಟರು. ಯಾರೂ ಓಡಿಸಿದ್ದಲ್ಲ. “ಯಾಕ ಹೊಂಟೀರಿ? ಯಾರ್ ಏನಂದ್ರು ನಿಮಗ?” ಎಂದು ಶಿವಕ್ಕ ಸೆರಗು ಬಾಯಿಗಿಟ್ಟುಕೊಂಡು ಕೇಳಿದಾಗಲೂ ಅವರು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ಸಿಪೋರಾ ಇಸ್ರೇಲಿಗೆ ಹೋಗಲಿಲ್ಲ. ನರ್ಸಿಂಗ್ ಮುಗಿಸಿದ್ದ ಅವಳನ್ನು ಲಂಡನ್ನಿನ ಆಸ್ಪತ್ರೆ ಕರೆಯಿತು. ಎಪ್ಪತ್ತೊಂದರಲ್ಲಿ ಬಂದಳು. ಮುರಿದ ಮಣಿಕಟ್ಟು ಹಿಡಿದುಕೊಂಡು ವಾರ್ಡಿಗೆ ಬಂದ ಹಾರ್ವಿ ಸ್ಟೋಲರ್ ಎಂಬ ಟ್ಯಾಕ್ಸಿ ಡ್ರೈವರನನ್ನು ಒಂದು ವರ್ಷ ಸತಾಯಿಸಿ ಮದುವೆಯಾದಳು. ಅವನೂ ಯಹೂದಿ. ಪೂರ್ವ ಲಂಡನ್ನಿನಲ್ಲೇ ಹುಟ್ಟಿ, ಜನ ಸ್ವಲ್ಪ ಅನುಕೂಲವಾದ ಮೇಲೆ ಹೋಗಿ ನೆಲೆಸುವ ಇಲ್ಫರ್ಡಿನ ಗ್ಯಾಂಟ್ಸ್ ಹಿಲ್‌ನಲ್ಲಿ ತಾಯಿಯ ಜೊತೆ ಇದ್ದವನು.

ಆ ತಾಯಿಯ ಹೆಸರು ಬೆಲ್ಲಾ. ಮೊದಲ ದಿನ ಬಾಗಿಲು ತೆರೆದವಳು ಸಿಪೋರಾಳನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದ್ದು ಇಷ್ಟು:

“ನೀನು ಯಾರ ಪೈಕಿ?”

“ನಾನೂ ಯಹೂದಿ.”

“ಅದನ್ನ ಹಾರ್ವಿ ಹೇಳಿದ. ನಿಜವಾಗಿ ಯಾರ ಪೈಕಿ?”

ಮದುವೆಯಾಗಿ ಎಷ್ಟು ವರ್ಷ ಕಳೆದರೂ ಆ ಪ್ರಶ್ನೆ ಮನೆಯಲ್ಲೇ ಓಡಾಡಿಕೊಂಡಿತ್ತು. ಹುಬ್ಬಳ್ಳಿಯಿಂದ ಅಮ್ಮ ಕಳಿಸಿದ ಖಾರದ ಪುಡಿಯ ಡಬ್ಬಿ ಶಾಸ್ತ್ರಕ್ಕೆ ಶುದ್ಧವೋ ಅಲ್ಲವೋ ಎಂದು ಬೆಲ್ಲಾ ಅದನ್ನು ಅಡುಗೆಮನೆಗೆ ಸೇರಿಸದೆ ಗ್ಯಾರೇಜಿನಲ್ಲಿ ಇಡಿಸಿದಳು. ಆಸ್ಪತ್ರೆಯ ಡಾಕ್ಟರೊಬ್ಬರ ಹೆಂಡತಿ, ಧಾರವಾಡದ ಶೋಭಾ, ಈಸ್ಟ್ ಹ್ಯಾಮಿನಲ್ಲಿ ಇದ್ದಳು. ಒಮ್ಮೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಯಾರನ್ನೋ ಕನ್ನಡದಲ್ಲಿ ಬೈಯುತ್ತಿದ್ದುದನ್ನು ಕೇಳಿ ಸಿಪೋರಾ ನಿಂತುಬಿಟ್ಟಿದ್ದಳು, ಆವತ್ತಿನಿಂದ ಗೆಳತಿಯರು. ಅತ್ತೆಯ ಹೆಸರು ಕೇಳಿ ಶೋಭಾ ಬಿದ್ದು ಬಿದ್ದು ನಕ್ಕಳು. “ಹೆಸರು ಬೆಲ್ಲ, ಮಾತು ಬೇವು! ಯುಗಾದಿ ಒಂದ ಮುದುಕಿಯೊಳಗ ಮುಗೀತು ಬಿಡು.”

ಹಾರ್ವಿ ತೊಂಬತ್ತನಾಲ್ಕರ ನವೆಂಬರಿನಲ್ಲಿ ಸತ್ತ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿಗಳ ಸಾಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದವನ ಎದೆ ನಿಂತಿತ್ತು. ಮುಂದಿನ ಗಾಡಿ ಹೋದ ಮೇಲೂ ಇವನು ಮುಂದೆ ಸರಿಯದ್ದನ್ನು ಕಂಡು ಹಿಂದಿನವನು ಹಾರ್ನ್ ಬಾರಿಸಿದನಂತೆ. ಸಿಪೋರಾಗೆ ಅಳು ಬರಲಿಲ್ಲ. ಒಂದೇ ಮಗ್ಗುಲಿಗೆ ಮಲಗಿ ಎದ್ದಾಗ ತೋಳು ಜೋಮು ಹಿಡಿದು ಬೇರೆ ಯಾರದೋ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ. ಚಿವುಟಿದರೆ ಗೊತ್ತಾಗುತ್ತಿತ್ತು, ಚಿವುಟಿಸಿಕೊಂಡದ್ದು ತಾನು ಎಂಬುದು ಗೊತ್ತಾಗುತ್ತಿರಲಿಲ್ಲ. ಕೆಲಸಕ್ಕೆ ಹೋದಳು, ಬಂದಳು. ಮಕ್ಕಳಿರಲಿಲ್ಲ. ಅತ್ತೆಯ ಮನೆಯಲ್ಲಿ ಇರು ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಇದ್ದಳು. ಒಬ್ಬನೇ ಮಗನನ್ನು ಕಳೆದುಕೊಂಡ ಬೆಲ್ಲಾ ಕೂಡ ಅತ್ತದ್ದನ್ನು ಯಾರೂ ನೋಡಲಿಲ್ಲ. ಇಬ್ಬರು ಹೆಂಗಸರು ಒಂದೇ ಟೀಪಾಟಿನಿಂದ ಚಹಾ ಬಗ್ಗಿಸಿಕೊಂಡು ಟಿವಿಯ ಮುಂದೆ ಕೂತಿರುತ್ತಿದ್ದರು.

ಆ ಮನೆಯಲ್ಲಿ ಪ್ರತಿ ಚಳಿಗಾಲದಲ್ಲಿ ಒಂದು ದೀಪ ಹಚ್ಚುವ ಪದ್ಧತಿಯಿತ್ತು. ಸತ್ತವರ ತಿಥಿಯಂದು ಗಾಜಿನ ಲೋಟದಲ್ಲಿ ಒಂದು ಹಗಲು ಒಂದು ರಾತ್ರಿ ಉರಿಯುವ ಮೇಣದ ದೀಪ. ಅಪ್ಪ, ಅಮ್ಮ, ಗಂಡ, ಮಗ ಎಲ್ಲರಿಗೂ ಅವರವರ ದಿನ ಹಚ್ಚುವುದು ಸರಿಯೇ. ಆದರೆ ಇದು ಬೆಲ್ಲಾ ಕಣ್ಣಿನಿಂದ ಕಾಣದೇ ಇದ್ದ ದೊಡ್ಡಪ್ಪ ದಾವೀದನದು. “ಅಪ್ಪ ಹಚ್ಚುತ್ತಿದ್ದ. ಅವನು ಹೋದ ಮೇಲೆ ನಾನು” ಎನ್ನುತ್ತಿದ್ದಳು. ಅವಳ ಕೈ ನಡುಗತೊಡಗಿದ ಮೇಲೆ ಕಡ್ಡಿ ಗೀರುವ ಕೆಲಸ ಸಿಪೋರಾಳ ಪಾಲಿಗೆ ಬಂತು. ದೀಪ ಹೊತ್ತಿದ ಸಂಜೆ ಬೆಲ್ಲಾ ಪ್ರತಿ ವರ್ಷ ಒಂದೇ ಕಥೆಯನ್ನು, ಹವಾಮಾನ ವರದಿ ಓದುವವರ ದನಿಯಲ್ಲಿ ಹೇಳುತ್ತಿದ್ದಳು.

ಬೆಲ್ಲಾಳ ಅಪ್ಪ ಯಾಂಕೆಲ್ ಹುಟ್ಟಿ ಬೆಳೆದದ್ದು ಮಾಸ್ಕೋದಲ್ಲಿ. ಅವರದು ಚರ್ಮದ ಕೈಗವಸು ಹೊಲಿಯುವ ಮನೆ. ಯಹೂದಿಗಳಿಗೆ ಮಾಸ್ಕೋದಲ್ಲಿ ಇರಲು ಅಪ್ಪಣೆಯಿಲ್ಲದ ಕಾಲ. ಕಸುಬುದಾರರಿಗೆ ಮಾತ್ರ ಹಿಂದಿನ ದೊರೆ ವಿನಾಯಿತಿ ಕೊಟ್ಟಿದ್ದ. ಸಾವಿರದ ಎಂಟುನೂರ ತೊಂಬತ್ತೊಂದರಲ್ಲಿ, ಯಹೂದಿಗಳ ಪಾಸ್ಕ ಹಬ್ಬದ ದಿನವೇ ಹೊಸ ದೊರೆಯ ಹುಕುಂ ಹೊರಬಿತ್ತು: ಕಸುಬುದಾರರೂ ಊರು ಬಿಡಬೇಕು. ಹಬ್ಬದ ಪ್ರಾರ್ಥನೆಗೆ ಸೇರಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸದಾಗಿ ಬಂದವರು ಮೊದಲು, ಹಳಬರು ಕೊನೆಗೆ ಎಂದು ಗಡುವು. ಯಾಂಕೆಲನ ಮನೆಯವರು ಹಳಬರು. ಹಾಗಾಗಿ ಅವರ ಗಡುವು ಮರುವರ್ಷದ ಜನವರಿಗೆ, ಕೊರೆಯುವ ಚಳಿಯ ನಡುಮಧ್ಯಕ್ಕೆ ಬಂತು. ಹೊಲಿಗೆಯ ಮೇಜು, ಕತ್ತರಿ, ಹಾಸಿಗೆ ಎಲ್ಲವನ್ನೂ ನೆರೆಯವರು ಬಂದು ಎತ್ತಿಕೊಂಡು ಹೋದರು. ಬ್ರೆಸ್ಟ್ ಕಡೆಯ ರೈಲು ನಿಲ್ದಾಣದಲ್ಲಿ ಕೂಸು, ಮುದುಕರು, ಬಾಣಂತಿಯರು ಬಯಲಲ್ಲೇ ನಿಂತಿದ್ದರು. ಉಗುಳಿದರೆ ನೆಲ ಮುಟ್ಟುವುದರೊಳಗೆ ಗಡ್ಡೆಯಾಗುವ ಚಳಿ. ಯಾಂಕೆಲ್ ಆಗ ಒಂಬತ್ತರ ಹುಡುಗ. ಅವನಣ್ಣ ದಾವೀದನಿಗೆ ಇಪ್ಪತ್ತು.

“ದಾವೀದ್ ಆ ಪ್ಲಾಟ್‌ಫಾರ್ಮಿನಲ್ಲೇ ಚಳಿಗೆ ಸತ್ತ” ಎನ್ನುತ್ತಿದ್ದಳು ಬೆಲ್ಲಾ. “ಅಪ್ಪನ ಎಡಗಾಲಿನ ಎರಡು ಬೆರಳು ರೈಲಿನಲ್ಲೇ ಕಪ್ಪಾದವು. ಗಡಿಯ ಊರಿನಲ್ಲಿ ಯಾರೋ ಕ್ಷೌರಿಕ ಕತ್ತರಿಸಿದ. ಲಂಡನ್ನಿಗೆ ಬಂದ ಮೇಲೂ ಅಪ್ಪ ಬೆಂಕಿಗೆ ತೀರ ಹತ್ತಿರ ಕಾಲು ಚಾಚಿಕೊಂಡು ಕೂರುತ್ತಿದ್ದ. ಸುಟ್ಟ ವಾಸನೆ ಬಂದಾಗ ಅಮ್ಮ ಕಿರುಚುತ್ತಿದ್ದಳು. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.”

ಇಷ್ಟು ಹೇಳಿ, “ಬಿಸ್ಕೆಟ್ ಇದೆಯಾ?” ಎನ್ನುತ್ತಿದ್ದಳು.

ತೊಂಬತ್ತೇಳರ ಏಪ್ರಿಲ್‌ನಲ್ಲಿ ಒಂದು ಫೋನು ಬಂತು. ಸಿಪೋರಾ ಎತ್ತಿಕೊಂಡಳು. ಆ ಕಡೆ ಒಬ್ಬ ಹೆಂಗಸು, ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದುವವರಂತೆ ಒಂದೊಂದೇ ಪದವನ್ನು ಬಿಡಿಸಿ ಇಂಗ್ಲಿಷ್ ಮಾತಾಡುತ್ತಿದ್ದಳು.

“ನಮಸ್ಕಾರ. ನನ್ನ ನಾಮಧೇಯ ಗಲೀನಾ. ನಾನು ಮಾಸ್ಕೋ ನಗರದ ನಿವೃತ್ತ ಇಂಗ್ಲಿಷ್ ಶಿಕ್ಷಕಿ. ವಿದ್ಯಾರ್ಥಿಗಳೊಂದಿಗೆ ಸಟನ್ ಪಟ್ಟಣದ ಶಾಲೆಯೊಂದಕ್ಕೆ ಆಗಮಿಸಿರುವೆ. ಪೆರ್ಚಾತ್ನಿಕ್ ಎಂಬ ಕುಲನಾಮದವರನ್ನು ಟೆಲಿಫೋನ್ ಪುಸ್ತಕದಲ್ಲಿ ಅರಸಿದೆ. ಸ್ಟ್ಯಾನ್‌ಮೋರಿನ ಸಜ್ಜನರೊಬ್ಬರು ತಮ್ಮ ಸಂಖ್ಯೆ ನೀಡಿದರು.”

ಪೆರ್ಚಾತ್ನಿಕ್ ಎಂಬುದು ಬೆಲ್ಲಾಳ ತವರಿನ ಹೆಸರು, ಕೈಗವಸಿನವರು ಎಂದರ್ಥ. ಆ ಹೆಸರಿನವರು ಇಡೀ ಲಂಡನ್ನಿನಲ್ಲಿ ಒಂದು ಕೈಯ ಬೆರಳಿನಷ್ಟು ಇದ್ದರೆ ಹೆಚ್ಚು.

“ತಾವು ಯಾರ ಕಡೆಯವರು?” ಎಂದಳು ಸಿಪೋರಾ.

“ದಾವೀದ್ ಪೆರ್ಚಾತ್ನಿಕ್ ನನ್ನ ತಾತ.”

ಸಿಪೋರಾ ರಿಸೀವರನ್ನು ಕಿವಿಯಿಂದ ದೂರ ಹಿಡಿದು ಅದನ್ನೊಮ್ಮೆ ನೋಡಿದಳು. ಹಜಾರದಲ್ಲಿ ಬೆಲ್ಲಾ ಟಿವಿಯ ಸದ್ದು ಕಡಿಮೆ ಮಾಡಿ, “ಯಾರದು?” ಎಂದು ಕೂಗಿದಳು. ಸಿಪೋರಾ ಹೋಗಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ಬೆಲ್ಲಾ ಟಿವಿ ಆರಿಸಿದಳು. “ಭಾನುವಾರ ಚಹಾಕ್ಕೆ ಬರಲಿ” ಎಂದಳು.

ಗಲೀನಾ ಬಂದಳು. ಅರವತ್ತೈದರ ಗಟ್ಟಿ ಮೈಯ ಹೆಂಗಸು. ಬೂದು ಕೋಟು, ಕೈಯಲ್ಲಿ ಚಾಕೊಲೇಟ್ ಡಬ್ಬಿ, ಕೊರಳಲ್ಲಿ ಸಣ್ಣ ಬೆಳ್ಳಿ ಶಿಲುಬೆ. ಸಿಪೋರಾ ಮೊದಲು ನೋಡಿದ್ದು ಆ ಶಿಲುಬೆಯನ್ನೇ. ಆಮೇಲೆ ಅತ್ತೆಯ ಮುಖ ನೋಡಿದಳು. ಬೆಲ್ಲಾ ಶಿಲುಬೆ ನೋಡಿದಳೋ ಇಲ್ಲವೋ, ಕುರ್ಚಿಯಿಂದ ಎದ್ದು ಊರುಗೋಲಿನ ಮೇಲೆ ಭಾರ ಹಾಕಿ, ನಡುಗುವ ಕೈಯಿಂದ ಬಂದವಳ ಕಿವಿ ಮುಟ್ಟಿದಳು. ದೊಡ್ಡ, ಹೊರಗೆ ಬಾಗಿದ ಕಿವಿ.

“ಅಪ್ಪನ ಕಿವಿ” ಎಂದಳು. “ಬಾ, ಕೂತ್ಕೋ. ನೀನು ನಮ್ಮವಳು.”

ಚಹಾದ ತಟ್ಟೆ ಹಿಡಿದು ನಿಂತಿದ್ದ ಸಿಪೋರಾಗೆ ಆ ಮಾತು ಕೇಳಿಸಿತು. ಈ ಮನೆಗೆ ಬಂದಂದಿನಿಂದ ಅವಳ ಬಗ್ಗೆ ಯಾರೂ ಆಡದಿದ್ದ ಮಾತು. ಎಲ್ಲೋ ಚುರ್ ಎನ್ನಬೇಕಿತ್ತು. ಎನ್ನಲಿಲ್ಲ. ತಟ್ಟೆ ಇಟ್ಟು, ಸಕ್ಕರೆ ಎಷ್ಟು ಎಂದು ಕೇಳಿದಳು. ಖಾರದ ಪುಡಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ಬೆಲ್ಲಾ ಮಾಸ್ಕೋದ ಚಾಕೊಲೇಟನ್ನು ಶಾಸ್ತ್ರಕ್ಕೆ ಶುದ್ಧವೆಂಬ ಗುರುತೂ ನೋಡದೆ ಬಾಯಿಗೆ ಹಾಕಿಕೊಂಡಳು.

ಗಲೀನಾ ಕೈಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಬಿಳಿ ಗಡ್ಡದ ಮುದುಕ, ತೊಡೆಯ ಮೇಲೆ ಎರಡು ವರ್ಷದ ಮಗು. ಮುದುಕನಿಗೂ ಅದೇ ಕಿವಿ.

“ಮಗು ನಾನೇ. ತಾತ ನಲವತ್ತೊಂದರ ಶರತ್ಕಾಲದಲ್ಲಿ ನಿಧನ ಹೊಂದಿದರು. ಆಗ ನನಗೆ ಒಂಬತ್ತು ವರ್ಷ.”

“ಇವನು ಸತ್ತದ್ದು ಸ್ಟೇಷನ್ನಿನಲ್ಲಿ” ಎಂದಳು ಬೆಲ್ಲಾ.

“ಇಲ್ಲ, ಪ್ರಿಯ ಬಂಧುವೇ. ಅವರು ಸಾಯಲಿಲ್ಲ. ಅವರು ಅಲ್ಲಿಯೇ ಉಳಿದರು.”

“ಹೇಗೆ ಉಳಿದ? ಯಹೂದಿಗಳು ಯಾರೂ ಉಳಿಯುವ ಹಾಗಿರಲಿಲ್ಲ.”

ಗಲೀನಾ ಕೊರಳಿನ ಶಿಲುಬೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. ಬೇರೆ ವಿವರಣೆ ಬೇಕಾಗಲಿಲ್ಲ. ದಾವೀದ್ ದೊಡ್ಡ ಬೀದಿಯ ಕೈಗವಸಿನ ಅಂಗಡಿಯಲ್ಲಿ ಚರ್ಮ ಕತ್ತರಿಸುವವನಾಗಿದ್ದ. ಒಳ್ಳೆಯ ಕೈ. ಯಜಮಾನ ಅವನನ್ನು ಬಿಡಲೊಲ್ಲ. “ತಲೆಯ ಮೇಲೆ ನಾಲ್ಕು ಹನಿ ನೀರು. ಅಷ್ಟೇ ಅಲ್ಲವೇ?” ಎಂದಿದ್ದನಂತೆ. ಹೊರಡುವ ವಾರ ದಾವೀದ್ ಚರ್ಚಿಗೆ ಹೋಗಿ ನೀರು ಹಾಕಿಸಿಕೊಂಡು ಕ್ರೈಸ್ತನಾದ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬೇರೆ ಯಾರಿಂದಲೋ ಸುದ್ದಿ ಮನೆಗೆ ಮುಟ್ಟಿತು. ಅಪ್ಪ ಅಮ್ಮ ನೆಲದ ಮೇಲೆ ಕೂತು, ಬಟ್ಟೆ ಹರಿದುಕೊಂಡು, ಮಗ ಸತ್ತ ಎಂದು ಶೋಕ ಹಿಡಿದರು. ಧರ್ಮ ಬಿಟ್ಟವನಿಗೆ ಹಾಗೆ ಮಾಡುವುದು ಆ ಜನರ ರೂಢಿ. ಹುಬ್ಬಳ್ಳಿಯಲ್ಲಾದರೆ ಎಳ್ಳುನೀರು ಬಿಟ್ಟರು ಅನ್ನುತ್ತಾರೆ ಎಂದುಕೊಂಡಳು ಸಿಪೋರಾ. ಬದುಕಿದ್ದವನ ಹೆಸರಿಗೆ ಎಳ್ಳು, ನೀರು.

“ಆದರೆ ತಾತ ನಿಲ್ದಾಣಕ್ಕೆ ಹೋದರು” ಎಂದಳು ಗಲೀನಾ. ಈಗ ಅವಳ ಇಂಗ್ಲಿಷ್ ಸ್ವಲ್ಪ ತೊದಲುತ್ತಿತ್ತು. “ತಮ್ಮನಿಗಾಗಿ ಕಂಬಳಿಯ ಬೂಟು ಕೊಂಡೊಯ್ದರು. ಉಣ್ಣೆಯದು, ದಪ್ಪ, ಮಂಡಿಯವರೆಗೆ ಬರುವಂಥದು. ತಮ್ಮನ ಬೂಟಿನ ಅಟ್ಟೆ ಹರಿದಿತ್ತೆಂದು ಅವರಿಗೆ ತಿಳಿದಿತ್ತು. ಯಾರೂ ಅವರತ್ತ ನೋಡಲಿಲ್ಲ. ಇಲ್ಲದ ಮನುಷ್ಯನ ಹಾಗೆ. ಅವರು ಬೂಟನ್ನು ಬಾಲಕನ ಕೈಗೇ ಕೊಟ್ಟರು. ತಾಯಿ ಅದನ್ನು ಬಾಲಕನ ಕೈಯಿಂದ ತೆಗೆದುಕೊಂಡು, ಪ್ಲಾಟ್‌ಫಾರ್ಮಿನ ಮೇಲೆ ಜೋಡಿಸಿಟ್ಟು, ರೈಲು ಹತ್ತಿದರು.”

ಹೊರಗೆ ಬಸ್ಸೊಂದು ಉಸಿರು ಬಿಟ್ಟು ನಿಂತು ಹೋಯಿತು.

“ತಾತ ಬೇರೆ ಏನನ್ನೂ ಹೇಳುತ್ತಿರಲಿಲ್ಲ. ಇದನ್ನು ಮಾತ್ರ ನನಗೆ ಹಲವು ಬಾರಿ ಹೇಳಿದರು. ಮತ್ತು ಪ್ರತಿ ಬಾರಿ ಕೇಳುತ್ತಿದ್ದರು, ಹುಡುಗನ ಪಾದ ಏನಾಯಿತೋ ಎಂದು. ನನ್ನನ್ನು ಕೇಳುತ್ತಿದ್ದರು, ನನಗೆ ಗೊತ್ತಿದೆ ಎಂಬಂತೆ.” ಗಲೀನಾ ಬೆಲ್ಲಾಳತ್ತ ಬಾಗಿದಳು. “ತಾವು ಆ ಹುಡುಗನ ಮಗಳು. ದಯವಿಟ್ಟು ತಿಳಿಸಿ. ಅವರ ಪಾದ ಏನಾಯಿತು?”

ಬೆಲ್ಲಾ ಬಟ್ಟಲನ್ನು ತಟ್ಟೆಯ ಮೇಲಿಟ್ಟಳು. ಕೈ ಅಷ್ಟು ನಡುಗುವವಳು ಒಂದಿಷ್ಟೂ ಸದ್ದು ಮಾಡದೆ ಇಟ್ಟಳು.

“ಏನೂ ಆಗಲಿಲ್ಲ. ಅಪ್ಪನ ಕಾಲು ಚೆನ್ನಾಗಿತ್ತು. ಎಂಬತ್ತರ ತನಕ ನಡೆದ. ಮದುವೆಗಳಲ್ಲಿ ಕುಣೀತಿದ್ದ.”

ಗಲೀನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ದೊಡ್ಡ ದನಿಯಲ್ಲಿ, ಮಕ್ಕಳ ಹಾಗೆ. ಆ ಮನೆಯಲ್ಲಿ ಬಹಳ ವರ್ಷಗಳ ಮೇಲೆ ಕೇಳಿಸಿದ ಅಳು ಅದು. ಸಿಪೋರಾ ಟಿಶ್ಯೂ ಡಬ್ಬಿ ತಂದು ಪಕ್ಕದಲ್ಲಿಟ್ಟಳು. ವಾರ್ಡಿನಲ್ಲಿ ನೆಂಟರಿಗೆ ಇಟ್ಟುಕೊಡುವ ಹಾಗೆ, ಕೈಗೆ ಎಟಕುವಷ್ಟು ದೂರದಲ್ಲಿ.

ಗಲೀನಾ ಹೋದ ಮೇಲೆ ಸಿಪೋರಾ ಬಟ್ಟಲು ತೊಳೆಯುತ್ತಿದ್ದಳು. ಬೆಲ್ಲಾ ಊರುಗೋಲು ಕುಟ್ಟಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅಪ್ಪ ಅವನನ್ನ ನೋಡಿದ್ದ” ಎಂದಳು. “ಬೂಟು ತಂದುಕೊಟ್ಟವನ ಮುಖ ನೋಡಿದ್ದ. ಆಮೇಲೂ ಅರವತ್ತು ಎಪ್ಪತ್ತು ವರ್ಷ ದೀಪ ಹಚ್ಚಿದ. ನನ್ನ ಕೈಯಲ್ಲೂ ಹಚ್ಚಿಸಿದ.”

ಸಿಪೋರಾ ನಲ್ಲಿ ನಿಲ್ಲಿಸಿದಳು.

“ನೀನು ನರ್ಸ್. ಹೇಳು. ಬೆರಳು ಹಾಗೆ ಹೆಪ್ಪುಗಟ್ಟುವಾಗ ನೋವಾಗುತ್ತದಾ?”

“ಮೊದಲು ತುಂಬಾ ಆಗುತ್ತೆ. ಆಮೇಲೆ ಏನೂ ಗೊತ್ತಾಗಲ್ಲ.”

“ಆಮೇಲೆ?”

“ಬೆಚ್ಚಗಾಗುವಾಗ ಮತ್ತೆ ನೋವು. ಮೊದಲಿನದಕ್ಕಿಂತ ಜಾಸ್ತಿ.”

ಬೆಲ್ಲಾ ತಲೆಯಾಡಿಸಿದಳು. “ಹಾಗಾದರೆ ಕ್ಷೌರಿಕ ಒಳ್ಳೆಯದೇ ಮಾಡಿದ” ಎಂದು ಹೇಳಿ ಟಿವಿಯ ಕಡೆ ಹೋದಳು.

ಗಲೀನಾಗೆ ತಾತನ ಅಪ್ಪ ಅಮ್ಮನ ಸಮಾಧಿ ನೋಡಬೇಕೆಂಬ ಆಸೆ. ಅದು ಇದ್ದದ್ದು ಈಸ್ಟ್ ಹ್ಯಾಮಿನಲ್ಲಿ, ಹೈ ಸ್ಟ್ರೀಟ್ ನಾರ್ತಿನ ಹಳೆಯ ಯಹೂದಿ ಸ್ಮಶಾನದಲ್ಲಿ. ಬೆಲ್ಲಾ ಬರಲಿಲ್ಲ. “ಸಿಪೋರಾಗೆ ಜಾಗ ಗೊತ್ತು” ಎಂದಳು. ಸೀರೆ ಅಂಗಡಿ, ಬಂಗಾರದಂಗಡಿ, ಇಡ್ಲಿ ಹೋಟೆಲುಗಳ ಸಾಲು ಮುಗಿಯುತ್ತಿದ್ದಂತೆ ಒಂದು ಉದ್ದ ಗೋಡೆ, ಬೀಗ ಹಾಕಿದ ಗೇಟು. ಮೊದಲೇ ಹೇಳಿಟ್ಟಿದ್ದರಿಂದ ಕಾವಲಿನವನು ಬಂದು ತೆರೆದ. ಒಳಗೆ ಹೊಸಬರಿಗೆ ಜಾಗವಿರಲಿಲ್ಲ, ಹಳಬರನ್ನು ನೋಡಲು ಬರುವವರೂ ಇರಲಿಲ್ಲ. ಕಲ್ಲುಗಳು ಒಂದಕ್ಕೊಂದು ಹೆಗಲು ಕೊಟ್ಟು ವಾಲಿಕೊಂಡಿದ್ದವು.

ಗಂಡ ಹೆಂಡತಿಯ ಕಲ್ಲುಗಳು ಅಕ್ಕಪಕ್ಕ ಇದ್ದವು. ಗಲೀನಾ ಅಭ್ಯಾಸಬಲದಿಂದ ಹಣೆಗೆ ಬೆರಳು ಒಯ್ದಳು. ಶಿಲುಬೆಯ ಗುರುತು ಮಾಡಹೋದವಳು ಅರ್ಧದಲ್ಲೇ ಕೈ ಇಳಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ಕಲ್ಲಿನ ಮೇಲೆ ಇದ್ದದ್ದು ಹೀಬ್ರೂ. ಸಿಪೋರಾಗೆ ಅಪ್ಪ ಹುಬ್ಬಳ್ಳಿಯಲ್ಲಿ ಕಟ್ಟೆಯ ಮೇಲೆ ಕೂರಿಸಿ ಅಕ್ಷರ ಕಲಿಸಿದ್ದ.

“ಏನೆಂದು ಬರೆದಿದೆ?”

ಸಿಪೋರಾ ಬೆರಳಿಟ್ಟು ಓದಿದಳು. ಹೆಸರು, ತಂದೆಯ ಹೆಸರು, ತೀರಿಕೊಂಡ ದಿನ. ಕೊನೆಯ ಸಾಲಿನಲ್ಲಿ ‘ಅವರ ಒಬ್ಬನೇ ಮಗ ನಿಲ್ಲಿಸಿದ ಕಲ್ಲು’ ಎಂದಿತ್ತು.

“ಅವರ ಮಗ ನಿಲ್ಲಿಸಿದ ಕಲ್ಲು” ಎಂದಳು ಸಿಪೋರಾ.

ಎದುರಿನ ಹೋಟೆಲಿನಲ್ಲಿ ಶೋಭಾ ಕಾಯುತ್ತಿದ್ದಳು. ಗಲೀನಾ ಚಮಚದಲ್ಲಿ ಇಡ್ಲಿ ಕತ್ತರಿಸಿ, ಸಾಂಬಾರನ್ನು ಸೂಪಿನಂತೆ ಕುಡಿದಳು. ಇಬ್ಬರು ಗೆಳತಿಯರು ಕನ್ನಡದಲ್ಲಿ ಎರಡು ಮಾತಾಡಿಕೊಂಡದ್ದನ್ನು ಕೇಳಿಸಿಕೊಂಡು ಕೇಳಿದಳು:

“ಇದು ತಮ್ಮ ಭಾಷೆಯೇ? ತಮ್ಮ ಪೂರ್ವಿಕರನ್ನು ಅಲ್ಲಿಂದ ಯಾವಾಗ ಹೊರಗಟ್ಟಿದರು?”

“ಯಾರೂ ಹೊರಗಟ್ಟಲಿಲ್ಲ.”

“ಎಂದಿಗೂ?”

“ಎಂದಿಗೂ.”

ಗಲೀನಾ ಚಮಚ ಕೆಳಗಿಟ್ಟಳು. “ಮತ್ತೆ ಅಲ್ಲಿಂದ ಏಕೆ ಹೊರಟಿರಿ?”

ಶಿವಕ್ಕ ಕೇಳಿದ್ದ ಪ್ರಶ್ನೆಯೇ ಇದು. ಸಿಪೋರಾ ಲೋಟದ ನೀರು ಕುಡಿದಳು. ಶೋಭಾ ಮಧ್ಯೆ ಬಾಯಿ ಹಾಕಿ ಇಂಗ್ಲಿಷಿನಲ್ಲಿ, “ನೌಕರಿ, ನೌಕರಿ! ನಾವೆಲ್ಲ ಬಂದದ್ದು ಅದಕ್ಕೇ” ಎಂದು ನಕ್ಕಳು. ಆಮೇಲೆ ಸಿಪೋರಾಳ ಕಡೆ ತಿರುಗಿ ಮೆಲ್ಲಗೆ, “ಯಾಕವಾ, ಮಾರಿ ಹಿಂಗ್ಯಾಕ ಆಗ್ಯದ?” ಎಂದಳು.

“ಏನಿಲ್ಲ. ಮುದುಕಿ ಸುಳ್ಳು ಹೇಳಿದ್ಳು, ನಾನೂ ಹೇಳಿದೆ. ಏನೂ ಅನ್ನಿಸವಲ್ದು ನನಗ.”

“ಯಾರಿಗೆ ಹೇಳಿದಿ?”

ಸಿಪೋರಾ ಗದ್ದದಿಂದಲೇ ಗಲೀನಾಳನ್ನು ತೋರಿಸಿದಳು. ಗಲೀನಾ ಚಟ್ನಿಯ ಬಟ್ಟಲನ್ನು ಮೂಸಿ ನೋಡುತ್ತಿದ್ದಳು.

ಮರುವರ್ಷ ಜನವರಿಯಲ್ಲಿ ಆ ದಿನ ಬಂದಾಗ ಸಿಪೋರಾ ದೀಪದ ಲೋಟವನ್ನು ಕಪಾಟಿನಿಂದ ತೆಗೆಯಲೇ ಇಲ್ಲ. ಸಂಜೆ ಬೆಲ್ಲಾ ಕೇಳಿದಳು: “ಎಲ್ಲಿ?”

“ಅವನು ಆ ದಿನ ಸತ್ತಿರಲಿಲ್ಲವಲ್ಲ.”

“ಗೊತ್ತು. ಹಚ್ಚು.”

“ಯಾರಿಗೆ?”

“ಅಪ್ಪ ಹಚ್ಚುತ್ತಿದ್ದ” ಎಂದಳು ಬೆಲ್ಲಾ. ಸಿಪೋರಾ ಕಡ್ಡಿ ಗೀರಿದಳು. ಆ ವರ್ಷ ಬೆಲ್ಲಾ ಕಥೆ ಹೇಳಲಿಲ್ಲ, ಬಿಸ್ಕೆಟ್ ಮಾತ್ರ ಕೇಳಿದಳು. ಮುಂದಿನ ವರ್ಷಗಳೂ ಹಾಗೆಯೇ ಕಳೆದವು. ಗಲೀನಾ ಹಬ್ಬಕ್ಕೊಮ್ಮೆ ಮಾಸ್ಕೋದಿಂದ ಫೋನು ಮಾಡುತ್ತಿದ್ದಳು. ಬೆಲ್ಲಾ ರಿಸೀವರ್ ಹಿಡಿದು, “ಹೌದು, ಹೌದು, ಇಲ್ಲೂ ಚಳಿ” ಎಂದು ಇಟ್ಟುಬಿಡುತ್ತಿದ್ದಳು.

ಗ್ಯಾಂಟ್ಸ್ ಹಿಲ್‌ನ ಯಹೂದಿ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮಕ್ಕಳು ಉತ್ತರ ಲಂಡನ್ನಿಗೆ, ಎಸೆಕ್ಸಿಗೆ ಹೋದರು, ಮುದುಕರು ಸತ್ತರು. ಯಹೂದಿ ಶಾಸ್ತ್ರದಂತೆ ಮಾಂಸ ಮಾರುವ ಕೋಷರ್ ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಫೋನಿನ ಅಂಗಡಿ ಬಂತು. ಬೆಲ್ಲಾ ಕಿಟಕಿಯಿಂದ ನೋಡುತ್ತ, “ಯಾರೂ ಓಡಿಸದೇನೇ ಹೋಗ್ತಾರೆ ನೋಡು” ಎಂದದ್ದು ಒಮ್ಮೆ ಮಾತ್ರ. ತೊಂಬತ್ತು ಹತ್ತಿರವಾದಂತೆ ಅವಳ ಸ್ನಾನ, ಮಾತ್ರೆ, ಉಗುರು ಎಲ್ಲ ಸಿಪೋರಾಳ ಕೈಯಲ್ಲೇ. ಹೊಸ ಡಾಕ್ಟರ್ ಒಬ್ಬ ಮನೆಗೆ ಬಂದವನು ಸಿಪೋರಾಳನ್ನು ತೋರಿಸಿ, “ಇವರು ನಿಮಗೆ ಏನಾಗಬೇಕು?” ಎಂದು ಬೆಲ್ಲಾಳನ್ನು ಕೇಳಿದ.

“ನರ್ಸ್” ಎಂದಳು ಬೆಲ್ಲಾ.

ಸಿಪೋರಾ ಅವಳ ತೋಳಿನಿಂದ ರಕ್ತದೊತ್ತಡದ ಪಟ್ಟಿ ಬಿಚ್ಚಿ ಮಡಿಸಿಟ್ಟಳು.

ಬೆಲ್ಲಾ ಎರಡು ಸಾವಿರದ ಮೂರರ ಫೆಬ್ರವರಿಯಲ್ಲಿ, ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಊಟದ ಗಾಡಿ ಬರುವ ಹೊತ್ತಿಗೆ ಹೋದಳು. ಮಣ್ಣು ಮಾಡಿದ ಮೇಲೆ ಯಹೂದಿ ಧರ್ಮಗುರು ರಬ್ಬಿ ಸಿಪೋರಾಳನ್ನು ಪಕ್ಕಕ್ಕೆ ಕರೆದು, “ಏಳು ದಿನದ ಶೋಕ ಕೂರುವುದು ಹೆತ್ತ ಮಕ್ಕಳು, ಒಡಹುಟ್ಟಿದವರು. ಸೊಸೆ ಕೂರಬೇಕೆಂಬ ನಿಯಮವಿಲ್ಲ” ಎಂದರು. ಒಳ್ಳೆಯ ಮನುಷ್ಯ, ಅವಳಿಗೆ ಶ್ರಮ ತಪ್ಪಲಿ ಎಂದೇ ಹೇಳಿದ್ದು.

“ಹಾಗಾದರೆ ಯಾರು ಕೂರಬೇಕು?”

ರಬ್ಬಿ ಯೋಚಿಸಿದರು. “ಯಾರೂ ಉಳಿದಿಲ್ಲ.”

ಸಿಪೋರಾ ಮನೆಗೆ ಬಂದು ಪದ್ಧತಿಯಂತೆ ಕನ್ನಡಿಗಳಿಗೆ ಬಟ್ಟೆ ಹೊದಿಸಿ ಗಿಡ್ಡ ಸ್ಟೂಲಿನ ಮೇಲೆ ಕೂತಳು. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಮೊದಲ ದಿನ ಹೇಗೋ ಕೂಡಿದರು, ಆಮೇಲೆ ಕೂಡಲಿಲ್ಲ. ಶೋಭಾ ದಿನವೂ ಬಸ್ಸು ಹಿಡಿದು ಅನ್ನ ಸಾರು ತಂದಳು. ಸ್ಟೂಲು ಒಂದೇ ಇದ್ದುದರಿಂದ ಅವಳು ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ನಿನ್ನ ಸ್ವಂತ ತಾಯಿಗೆ ಕೂತಿದ್ದ್ಯೇನು ಹಿಂಗ?”

“ಇಲ್ಲ. ಆಗ ಡ್ಯೂಟಿ ಇತ್ತು. ರಜಾ ಸಿಗಲಿಲ್ಲ.”

“ಗಂಡಗ?”

“ಕೂತಿದ್ದೆ. ಬಾಜೂಕ ಆಕಿ ಕೂತಿದ್ಳು.”

ನಾಲ್ಕನೆಯ ದಿನ ಗಲೀನಾ ಫೋನು ಮಾಡಿದಳು. ಸುದ್ದಿ ಕೇಳಿ ಅತ್ತಳು. ಆಮೇಲೆ, ತಾನು ಊರಿಗೆ ಮರಳಿದ ವಾರವೇ ತಾತನ ಸಮಾಧಿಗೆ ಹೋಗಿ ಹುಡುಗನ ಪಾದಕ್ಕೆ ಏನೂ ಆಗಲಿಲ್ಲವೆಂದು ಹೇಳಿ ಬಂದದ್ದಾಗಿ ತಿಳಿಸಿದಳು. “ಈ ವಿಷಯ ಬೆಲ್ಲಾಗೆ ಹೇಳಬೇಕೆಂದಿದ್ದೆ. ಪ್ರತಿ ಸಲ ಅವಳು ಚಳಿಯ ಬಗ್ಗೆ ಮಾತನಾಡಿ ಫೋನ್ ಇಡುತ್ತಿದ್ದಳು.”

“ಹೇಳಿದ್ದು ಒಳ್ಳೆಯದಾಯಿತು” ಎಂದಳು ಸಿಪೋರಾ. ಕತ್ತರಿಸಿದ ಬೆರಳುಗಳ ವಿಷಯ ಹೇಳಲಿಲ್ಲ. ಹೇಳಬಹುದಿತ್ತು, ನಾಲಿಗೆಯ ತುದಿಯಲ್ಲಿ ಇತ್ತು ಎಂದೂ ಅಲ್ಲ. ಎಲ್ಲೋ ದೂರದಲ್ಲಿ, ಮತ್ತೊಬ್ಬರ ಬಾಯಲ್ಲಿ ಇದ್ದ ಹಾಗಿತ್ತು.

ಏಳನೆಯ ದಿನ ಬೆಳಿಗ್ಗೆ ಶೋಕ ಮುಗಿಯುತ್ತದೆ. ಕೂತವರು ಎದ್ದು ಮನೆಯ ಸುತ್ತಿನ ಬೀದಿಗಳನ್ನು ಒಂದು ಸುತ್ತು ಹಾಕಿ ಬರಬೇಕೆಂಬ ರೂಢಿ. ಸಿಪೋರಾ ಕೋಟು ಹಾಕಿಕೊಂಡಳು. ಶೋಭಾ ಮೊಣಕಾಲು ಹಿಡಿದುಕೊಂಡು, “ನಾನೂ ಬರ್ತೀನಿ, ಆದರ ಸಾವಕಾಶ ನಡಿ” ಎಂದಳು. ಹೊರಗೆ ಬಿಸಿಲಿತ್ತು, ಬಿಸಿಲಿಗೆ ಕಾವಿರಲಿಲ್ಲ. ಮೂಲೆಯ ಮನೆಗೆ ಯಾರೋ ಹೊಸಬರು ಬಂದಿದ್ದರು. ವ್ಯಾನಿನಿಂದ ಸೋಫಾ ಇಳಿಸುತ್ತಿದ್ದ ಗಂಡಸು ಇವರಿಗೆ ದಾರಿ ಬಿಟ್ಟು ನಿಂತ.

“ಮುಂದ ಏನ್ ಮಾಡ್ತಿ?” ಎಂದಳು ಶೋಭಾ. “ಇಸ್ರೇಲದಾಗ ನಿಮ್ಮ ಅಣ್ಣನ ಮಕ್ಕಳು ಕರೀಲಿಕ್ಕೆ ಹತ್ಯಾರಂತಿದ್ದಿ.”

“ಕರೀತಾರ.”

“ಹೋಗ್ತಿಯೇನು?”

ಸಿಪೋರಾ ರಸ್ತೆಯ ಎರಡೂ ಕಡೆ ನೋಡಿದಳು. “ಸೋಮವಾರ ಡ್ಯೂಟಿ ಐತಿ” ಎಂದಳು. ಇಬ್ಬರೂ ರಸ್ತೆ ದಾಟಿದರು.